ಕಂಡಕ್ಟರನ ಮೊಡವೆ ಪಥ್ಯ

ಲೋಕಾಪುರದಿಂದ ಜಮಖಂಡಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಟಿಕೆಟ್ ಕೊಟ್ಟ ಮೇಲೂ ಕದಲಲಿಲ್ಲ. ತರುಣ; ಮುಖದ ತುಂಬ ಮೊಡವೆಗಳಿದ್ದವು.

"ಅಮ್ಮಾರ, ಒಂದು ಉಪಕಾರ ಮಾಡ್ರಿ. ಮೂಗು ತುರಸಾಕತ್ತೈತಿ."

"ನಿಮಗೆ ಕೈಗಳಿಲ್ಲವೇ?" ಎಂದೆ.

"ರೊಕ್ಕ ಮುಟ್ಟಿದ ಕೈರಿ. ಹೊಲಸು ಕೈಲೆ ಮಾರಿ ಮುಟ್ಟಿದ್ರ ಮೊಡವಿ ಹೋಗಂಗಿಲ್ಲ ಅಂದಾರ ಡಾಕ್ಟರ್ರು. ಐತವಾರ ಗಲಗಲಿಗೆ ಹೆಣ್ಣು ನೋಡಾಕ ಹೊಂಟೇನ್ರಿ."

"ಕರವಸ್ತ್ರ?"

"ಬೆವರು ಒರಸಿದ್ದೈತ್ರಿ."

ಹಿಂದಿನ ಸೀಟಿನ ಹಿರಿಯರೊಬ್ಬರು, "ಕೆರದುಬಿಡ್ರೀ ಯವ್ವಾ, ಹುಡುಗನ ಲಗ್ನದ ಮಾತೈತಿ" ಎಂದರು. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಅಪರಿಚಿತ ಪುರುಷನ ಮೂಗನ್ನು ಬೆರಳಿನಿಂದ ಮುಟ್ಟುವುದು ನನ್ನಿಂದಾಗದು. ಕಾಲ ಬಳಿ ಬಿದ್ದಿದ್ದ ನನ್ನ ಛತ್ರಿಯನ್ನು ಎತ್ತಿ, ಅದರ ಹಿಡಿಯಿಂದ ಕೆರೆದೆ.

"ಸ್ವಲ್ಪ ಎಡಕ್ಕರಿ. ಹಾಂ, ಅಲ್ಲೇರಿ" ಎಂದು ಆತ ಕಣ್ಣು ಮುಚ್ಚಿದ. ಮುಧೋಳ ದಾಟುವವರೆಗೆ ಮತ್ತೆ ಮತ್ತೆ ಬಂದು ಮೂಗು ಒಡ್ಡಿದ.

ಜಮಖಂಡಿಯಲ್ಲಿ ನಾನು ಇಳಿಯುವಾಗ, "ಮಾರಿ ಉಳಿಸಿದ್ರಿ ಅಮ್ಮಾರ" ಎಂದು ಕೈಮುಗಿದ. ವೈದ್ಯರು ನಿಷೇಧಿಸಿದ್ದು ಕೈಯನ್ನು ಮಾತ್ರ. ಲೋಕಾಪುರದಿಂದ ಬಸ್ಸಿನ ನೆಲದ ಮೇಲೆ, ಯಾರದೋ ಕೋಳಿಬುಟ್ಟಿಯ ಪಕ್ಕದಲ್ಲಿ, ಹೊರಳಾಡಿಕೊಂಡು ಬಂದ ಛತ್ರಿಯ ವಿಷಯವನ್ನು ಅವರು ಹೇಳಿರಲಿಲ್ಲ, ನಾನೂ ಹೇಳಲಿಲ್ಲ.