ಸೂಜಿಯಕ್ಕ

ಮೀನಿನ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೂಜಿಯಕ್ಕ ಎಂದೇ. ಸಾಸಿವೆ ಕಾಳಿನಷ್ಟು ಮೀನಿನ ಮೊಟ್ಟೆಗೆ, ಅದಿನ್ನೂ ಒಂದೇ ಕೋಶವಾಗಿರುವಾಗ, ಕೂದಲಿಗಿಂತ ಸಪೂರದ ಗಾಜಿನ ಸೂಜಿಯಿಂದ ಒಂದು ಜೀನಿನ ಬಾಯಿ ಕಟ್ಟುವ ಮದ್ದು ಹಾಕುವುದು ಅವಳ ಕಸುಬು. ಆ ಜೀನು ಸುಮ್ಮನಾದಾಗ ಮರಿಯ ಗುಂಡಿಗೆಯಲ್ಲಿ ಏನು ಕೆಡುತ್ತದೋ ಅದನ್ನು ನೋಡಿಯೇ ಜೀನಿನ ಕೆಲಸ ತಿಳಿಯಬೇಕು. ಅವಳು ಸೂಜಿ ಹಿಡಿದರೆ ಫ್ರಿಜ್ಜು ಕೂಡ ಗುಂಯ್‌ಗುಡಲು ಹೆದರುತ್ತದೆ. ಸೀನು ಬಂದವರು ಅದನ್ನು ಮೆಟ್ಟಿಲವರೆಗೆ ಹೊತ್ತುಕೊಂಡು ಹೋಗಿ ಸೀನಿ ಬರಬೇಕು. ಮೊಟ್ಟೆಯಿಟ್ಟ ತಾಯಿಮೀನಿಗೆ "ಉಪಕಾರ ಆಯ್ತಮ್ಮ" ಎನ್ನದೆ ತೊಟ್ಟಿಯ ಮುಚ್ಚಳ ಹಾಕುವವಳಲ್ಲ. ಮದ್ದು ತಾಗಿದ ಮರಿಗಳನ್ನು ಉಳಿದವರು ಮುಗಿಬಿದ್ದು ನೋಡುವಾಗ, ಇವಳು ಹೋಲಿಕೆಗೆಂದು ಮದ್ದು ಹಾಕದೆ ಬಿಟ್ಟ ಮರಿಗಳ ತಟ್ಟೆ ಹಿಡಿದು ಕೂರುತ್ತಾಳೆ. "ಅವಕ್ಕೇನೂ ಆಗಿಲ್ವಲ್ಲ ಅಕ್ಕ, ಏನ್ ನೋಡ್ತೀರಿ?" ಎಂದು ಯಾರಾದರೂ ಕೇಳಿದರೆ, "ಏನೂ ಆಗಿಲ್ಲ ಅನ್ನೋದನ್ನೇ ನೋಡ್ತಿದೀನಿ" ಎನ್ನುತ್ತಾಳೆ, ಗಾಜಿನಂಥ ಮೈಯೊಳಗೆ ಟಕಟಕ ಬಡಿಯುವ ಗುಂಡಿಗೆಗಳಿಂದ ಕಣ್ಣು ಕೀಳದೆ. ಸಂಜೆ ಮನೆ ಮುಟ್ಟಿದ ಮೇಲೆ, ಕೀಲಿ ಕೈಚೀಲದಲ್ಲೇ ಇದ್ದರೂ ಬೆಲ್ ಒತ್ತಿ ಬಾಗಿಲಲ್ಲಿ ನಿಲ್ಲುತ್ತಾಳೆ. ಗುಂಡಿಗೆಯಲ್ಲಿ ತೂತಿಟ್ಟುಕೊಂಡು ಹುಟ್ಟಿ, ಹಸುಗೂಸಾಗಿದ್ದಾಗಲೇ ಅದಕ್ಕೆ ಹೊಲಿಗೆ ಹಾಕಿಸಿಕೊಂಡ ಮಗಳು ಒಳಗಿನಿಂದ ದಡದಡ ಓಡಿ ಬರುವ ಸದ್ದು ಅವಳಿಗೆ ದಿನಾ ಕೇಳಬೇಕು.