ಬಿಳಿ ಅಂಗಿಯ ಜ್ವರ

ರಾಬರ್ಟ್‌ಸನ್‌ಪೇಟೆಯ ಬ್ಯಾಂಕಿನ ಗಾಜಿನ ಬಾಗಿಲಿಗೆ ಕೆಂಪು ಅಕ್ಷರದಲ್ಲಿ ‘ಪುಷ್’ ಎಂದು ಅಂಟಿಸಿದ್ದಾರೆ. ಪಿಂಚಣಿಗೆ ಹೋದಾಗಲೆಲ್ಲ ನಾನು ಅದರ ಮುಂದೆ, ಯಾರಾದರೂ ಬಂದು ತಳ್ಳಲಿ ಎಂದು ನಿಂತುಬಿಡುತ್ತೇನೆ. ಪಾಪ, ವಯಸ್ಸಾಯಿತು ಎಂದುಕೊಳ್ಳಬೇಡಿ. ಈ ಚಾಳಿ ನನ್ನ ಇಪ್ಪತ್ತನೇ ವಯಸ್ಸಿನದು.

ನಮ್ಮ ಕಡೆ ಕನ್ನಡದವರೂ ತಮಿಳರೂ ‘ತಳ್ಳು’ ಅಂದರೆ ತೆಲುಗಿನವರು ‘ತೊಯ್ಯಿ’ ಅನ್ನುತ್ತಿದ್ದರು. ಮೂವರೂ ಸೇರಿದ ಕಡೆ ‘ಪುಷ್ ಮಾಡು’. ಆಫೀಸಿನಲ್ಲಿ ಕಾಗದ ಮುಂದಕ್ಕೆ ಹೋಗಬೇಕಾದರೂ ಪುಷ್, ಯಾರಿಗಾದರೂ ಕೆಲಸ ಕೊಡಿಸಬೇಕಾದರೂ ಪುಷ್. ನನ್ನ ಸೋದರಮಾವನಿಗೆ ಮಾತ್ರ ಅದು ಹೊಟ್ಟೆಪಾಡು. ಚಿನ್ನದ ಗಣಿಯೊಳಗೆ ಕಲ್ಲು ತುಂಬಿದ ಟಬ್ಬುಗಳನ್ನು ಕಂಬಿಯ ಮೇಲೆ ವರ್ಷಗಟ್ಟಲೆ ತಳ್ಳಿ ಎದೆ ಕೆಡಿಸಿಕೊಂಡಿದ್ದ. ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮು. ನನಗೆ ಆ ಗಣಿಯ ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ್ದೂ ಅವನು ಸಾಹೇಬರೊಬ್ಬರ ಗೇಟಿನ ಹೊರಗೆ ತಿಂಗಳುಗಟ್ಟಲೆ ಕೈಮುಗಿದು ನಿಂತದ್ದರಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ಕೆಲಸಕ್ಕೆ ಸೇರುವ ದಿನ ಮಾಮನೇ ಬಂಗಾರಪೇಟೆಗೆ ಬಂದು ನನ್ನನ್ನು ಬಸ್ಸು ಹತ್ತಿಸಿಕೊಂಡು ಹೊರಟ. ನನ್ನ ಮೈಮೇಲೆ ಹೊಸ ಟೆರಿಲಿನ್ ಅಂಗಿ, ಹಾಲಿನಂಥ ಬಿಳಿ. ಅದರ ದುಡ್ಡೂ ಮಾಮನದೇ ಎನ್ನುವುದನ್ನು ಅಂಗಿ ಹಾಕಿಕೊಂಡ ಗಳಿಗೆಯಲ್ಲೇ ಮರೆತಿದ್ದೆ. ಅರ್ಧ ದಾರಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಇಂಥ ಹೊತ್ತಿನಲ್ಲಿ ನಮ್ಮಲ್ಲೊಂದು ಕಟ್ಟಳೆ: ಹೆಂಗಸರು, ಮಕ್ಕಳು, ಕಾಯಿಲೆಯವರು ಕೂತಿರಬಹುದು, ಮಿಕ್ಕ ಗಂಡಸರು ಇಳಿದು ತಳ್ಳಬೇಕು.

ಗುಮಾಸ್ತ ಬಸ್ಸು ತಳ್ಳುವುದುಂಟೇ? ಗ್ರೀಸು ತಾಗಿದರೆ ಅಂಗಿಯ ಗತಿ? ಕಂಡಕ್ಟರ್ ಹತ್ತಿರ ಬಂದಾಗ ಜ್ವರ ಎಂದುಬಿಟ್ಟೆ. ಇಳಿಯುತ್ತಿದ್ದ ಒಬ್ಬಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಿಳಿ ಅಂಗೀಗ್ ಬಂದಿರೋ ಜ್ವರ” ಎಂದ. ನಾಲ್ಕು ಜನ ನಕ್ಕರು.

ಪಕ್ಕದಲ್ಲಿದ್ದ ಮಾಮ ಅಂಗೈಯನ್ನು ನನ್ನ ಹಣೆಗಿಟ್ಟ. ಮರದ ತೊಗಟೆಯಂಥ ಕೈ. ನನ್ನ ಹಣೆ ತಣ್ಣಗಿತ್ತು. ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

“ಮೈ ಕಾದ ಎಂಚಾಗೈತೆ ಕಣ್ರಪ್ಪ. ಉಡುಗ ಕೂತಿರ್ಲಿ. ಅವನ್ ಬದ್ಲು ನಾನ್ ತಳ್ತೀನಿ.”

ಕಾಯಿಲೆಯವನು ಇಳಿದು ಹೋದ, ನಾನು ಹೆಂಗಸರ ನಡುವೆ ಕೂತೆ. ಬಸ್ಸು ತೆವಳತೊಡಗಿತು. ಹಿಂದಿನಿಂದ ಮಾಮನ ಕೆಮ್ಮು ಕೇಳುತ್ತಿತ್ತು. ಅವನು ತಳ್ಳುತ್ತಿದ್ದ ಭಾರದಲ್ಲಿ ನಾನೂ ಇದ್ದೆ. ಆಗಲೂ ಇಳಿಯಬಹುದಿತ್ತು. ಇಳಿಯಲಿಲ್ಲ. ಥೂ, ನನ್ನ ಜನ್ಮಕ್ಕೆ!

ಎಂಜಿನ್ ಹತ್ತಿಕೊಂಡಿತು. ಎಲ್ಲರೂ ಓಡಿ ಹತ್ತಿದರು. ಮಾಮನೇ ಕಡೆಯವನು, ಅವನನ್ನು ಕಂಡಕ್ಟರ್ ರಟ್ಟೆ ಹಿಡಿದು ಎಳೆದುಕೊಂಡ. ಪಕ್ಕದಲ್ಲಿ ಕುಸಿದು ಕೂತವನು ಆಂಡರ್ಸನ್‌ಪೇಟೆ ಬರುವವರೆಗೆ ಕೆಮ್ಮುತ್ತಲೇ ಇದ್ದ. ಕೈಗೆ ಮಸಿಯಾಗಿದ್ದರಿಂದ ನನ್ನ ಅಂಗಿಗೆ ತಾಗದಂತೆ ಅದನ್ನು ಆಚೆ ಚಾಚಿಕೊಂಡಿದ್ದ. ಕಡೆಗೆ ಕೇಳಿದ:

“ಜ್ವರ ಇಳೀತೇನ್ಲಾ?”

“ಊಂ ಮಾಮ” ಎಂದೆ.

ಆಮೇಲೆ ಅವನು ಎರಡು ವರ್ಷ ಬದುಕಿದ್ದ. ನಿಜ ಹೇಳಲು ಎಷ್ಟೋ ಸಲ ಬಾಯಿ ತೆರೆದೆ, ಪ್ರತಿ ಸಲವೂ ಮಳೆ ಬಿಸಿಲಿನ ವಿಷಯ ಮಾತಾಡಿ ಎದ್ದುಬಂದೆ. ಅವನಿಗೆ ಗೊತ್ತಿತ್ತಲ್ಲ ಎಂದು ಸಮಾಧಾನ ಹೇಳಬೇಡಿ. ಗೊತ್ತಿದ್ದದ್ದೇ ನನ್ನನ್ನು ಇಂದಿಗೂ ತಿನ್ನುವುದು.

ಈ ತಿಂಗಳೂ ಬ್ಯಾಂಕಿನ ಬಾಗಿಲಲ್ಲಿ ನಿಂತೆ. ಒಳಗಿದ್ದ ಕಾವಲಿನವನು, ನನ್ನಷ್ಟೇ ನರೆತ ತಲೆಯವನು, ಕೆಮ್ಮುತ್ತಾ ಸ್ಟೂಲಿನಿಂದ ಎದ್ದು, ಇರಿ ಸಾರ್, ತೆಗೀತೀನಿ ಎಂದು ಬರತೊಡಗಿದ.

“ಬೇಡಪ್ಪ, ಕೂತ್ಕೋ” ಎಂದೆ. “ನನಗೆ ಜ್ವರ ಇಲ್ಲ.”

ಅವನು ಪಿಳಿಪಿಳಿ ನೋಡುತ್ತಿದ್ದ. ನಾನು ಎರಡೂ ಕೈ ಇಟ್ಟು ಬಾಗಿಲು ತಳ್ಳಿದೆ.