ಟೈಲ್ಸ್ ಚೂರು ಹಿಡಿದವರ ಸರದಿ

ಅಮೆರಿಕದ ಮಿನೆಸೋಟದಲ್ಲಿ, ಮದುವೆಯಾದ ವಿದ್ಯಾರ್ಥಿಗಳಿಗೆಂದೇ ಯೂನಿವರ್ಸಿಟಿ ಕಟ್ಟಿಸಿದ ನಮ್ಮ ಸಾಲುಮನೆಗಳಲ್ಲಿ ಗೋಡೆ ಎಂಬುದು ಹೆಸರಿಗೆ ಮಾತ್ರ. ಪಕ್ಕದ ಮನೆಯ ಮಾರ್ಲಿಸ್ ಸೀನಿದರೆ ನಾನು ಅಲ್ಲಿಯ ರೂಢಿಯಂತೆ ಈಚೆಯಿಂದಲೇ ‘ದೇವರು ಒಳ್ಳೇದು ಮಾಡ್ಲಿ’ ಅನ್ನುತ್ತಿದ್ದೆ. ದೇವರು ಮಾಡಲಿಲ್ಲ, ಆ ಮಾತು ಬೇರೆ.

ಅವಳೂ ಗಂಡ ಡುವೇನನೂ ಓದಲೆಂದೇ ಬಂದವರು. ಮೊದಲು ಅವನ ಓದು, ಆಮೇಲೆ ಅವಳದು ಎಂದು ಮಾತಾಗಿತ್ತು. ಅವಳು ನರ್ಸಿಂಗ್ ಅರ್ಧಕ್ಕೆ ಬಿಟ್ಟು ನಾಲ್ಕು ವರ್ಷ ಹಾಸ್ಟೆಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದಳು. ಅವನ ಓದು ಮುಗಿಯುತ್ತ ಬಂದಾಗ ‘ಇನ್ನು ನನ್ನ ಸರದಿ’ ಎಂದರೆ, ಅವನ ಕಣ್ಣು ಟಿವಿಯ ಹಾಕಿ ಆಟ ಬಿಟ್ಟು ಕದಲುತ್ತಿರಲಿಲ್ಲ.

ಅದಕ್ಕೇ ಅವನನ್ನು ದಂಪತಿ ಕೌನ್ಸೆಲಿಂಗಿಗೆ ಎಳೆದೊಯ್ದಳು. ಕೌನ್ಸೆಲರ್ ಹಾಲ್ವರ್ಸನ್ ಇಬ್ಬರಿಗೂ ಸೇರಿ ಒಂದು ಟೈಲ್ಸ್ ಚೂರು ಕೊಟ್ಟರು. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಇನ್ನೊಬ್ಬರು ಕೇಳಿಸಿಕೊಂಡದ್ದನ್ನೇ ತಿರುಗಿ ಹೇಳಬೇಕು. ದಿನಾ ಸಂಜೆ ಮನೆಯಲ್ಲಿ ಇದರ ಅಭ್ಯಾಸ.

“ಸೆಪ್ಟೆಂಬರ್‌ಗೆ ನಾನು ಕಾಲೇಜಿಗೆ ಸೇರ್ಬೇಕು, ಡುವೇನ್.”

“ಸೆಪ್ಟೆಂಬರ್‌ಗೆ ಕಾಲೇಜಿಗೆ ಸೇರ್ಬೇಕು ಅಂತಿದೀಯ. ಸರಿಯಾಗಿ ಕೇಳಿಸ್ಕೊಂಡೆನಾ?”

“ಹೂಂ. ನೀನೇನಂತೀಯ?”

“ನಾನೇನಂತೀನಿ ಅಂತ ಕೇಳ್ತಿದೀಯ. ಸರಿಯಾಗಿ ಕೇಳಿಸ್ಕೊಂಡೆನಾ?”

ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ ನಾನೆಂದೆ: “ಇದಕ್ಕಿಂತ ಒಂದು ಗಿಣಿ ಸಾಕ್ಬಹುದಿತ್ತಲ್ಲೇ!”

“ಗಿಣಿ ಆದ್ರೆ ಸಾಕ್ಸ್ ಒಗೆಯೋದಾದ್ರೂ ತಪ್ತಿತ್ತು ಕಣೇ,” ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು.

ಎಂಟನೆಯ ವಾರ, ಕೊನೆಯ ದಿನ, ಹಾಲ್ವರ್ಸನ್ ಹೇಳಿದರಂತೆ: “ಇಷ್ಟು ಚೆನ್ನಾಗಿ ಕೇಳೋ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮ.” ನನಗೆ ಮೈಯೆಲ್ಲ ಉರಿಯಿತು. ಕಿವಿ ಕೊಟ್ಟ ಮಾತ್ರಕ್ಕೆ ಮನಸ್ಸು ಕೊಟ್ಟ ಹಾಗಾಯಿತೇ?

ಮರುವಾರ ಅಂಚೆಯಲ್ಲಿ ಗಣಿ ಕಂಪನಿಯ ಒಂದು ಕಾಗದ ಬಂದು ಮಾರ್ಲಿಸ್ ಕೈಗೆ ಸಿಕ್ಕಿತು. ಉತ್ತರದ ಗಣಿಯೂರಿನ ಕೆಲಸಕ್ಕೆ ಡುವೇನ್ ಒಪ್ಪಿ ಸಹಿ ಹಾಕಿ ಆಗಲೇ ತಿಂಗಳಾಗಿತ್ತು. ಆ ಊರಲ್ಲಿ ಕಾಲೇಜೇ ಇಲ್ಲ. ಪ್ರತಿ ಸಂಜೆ ಅವಳ ಆಸೆಯನ್ನು ಅಕ್ಷರ ತಪ್ಪದೆ ತಿರುಗಿ ಹೇಳುತ್ತಿದ್ದವನು ಈ ಒಂದು ಮಾತನ್ನು ಹೇಳಿರಲಿಲ್ಲ.

ಅಂದು ಗೋಡೆಯಾಚೆ ಕೂಗಾಟ ಕೇಳಲಿಲ್ಲ, ಮಾರ್ಲಿಸಳ ದನಿ ಮಾತ್ರ:

“ಚೂರು ನನ್ನ ಕೈಲಿದೆ. ನಾನು ನಿನ್ನ ಬಿಟ್ಟು ಹೋಗ್ತಿದೀನಿ.”

ದೇವರಾಣೆ, ಅವನು ಪಾಠ ತಪ್ಪಲಿಲ್ಲ.

“ನನ್ನ ಬಿಟ್ಟು ಹೋಗ್ತೀನಿ ಅಂತಿದೀಯ. ಸರಿಯಾಗಿ ಕೇಳಿಸ್ಕೊಂಡೆನಾ?”

“ಸರಿಯಾಗೇ ಕೇಳಿಸ್ಕೊಂಡಿದೀಯ.”

ಮನೆ ಓದುವವನ ಹೆಸರಲ್ಲಿತ್ತು, ಹೊರಡಬೇಕಾದವಳು ಅವಳೇ. ಟೈಲ್ಸ್ ಚೂರನ್ನು ಅವನ ಕೈಯಲ್ಲಿಟ್ಟು ಬಾಗಿಲೆಳೆದುಕೊಂಡಳು. ಮಾತಾಡುವ ಸರದಿ ಈಗ ಅವನದಾಗಿತ್ತು; ಕೇಳುವವರು ಒಳಗೆ ಯಾರೂ ಇರಲಿಲ್ಲ.